ಬಿಚ್ಚಪ್ಪನ ಕಾರು, ಅತ್ತೆಯ ಕಿವಿ

ನನ್ನ ಸೋದರಮಾವನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಬೀದಿಯವರಿಗೆ ಮಾತ್ರ ಅವನು ಬಿಚ್ಚಪ್ಪ. ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚುತ್ತಿದ್ದ, ಅದಕ್ಕೆ ಬಿಚ್ಚಪ್ಪ. ಗಡಿಯಾರ, ಇಸ್ತ್ರಿ ಪೆಟ್ಟಿಗೆ, ಬಚ್ಚಲಿನ ನಲ್ಲಿ, ಒಮ್ಮೆ ಪಕ್ಕದ ಮನೆಯವರ ಕರೆಗಂಟೆ. ಕರೆಗಂಟೆಯವರು ಸರಿಮಾಡಿಕೊಡಿ ಎಂದು ಕೇಳಿಯೂ ಇರಲಿಲ್ಲ. ಬಿಚ್ಚಿದ್ದನ್ನು ಮತ್ತೆ ಜೋಡಿಸುವ ಕಥೆ ಬೇರೆ. ಜೋಡಿಸಿದ ಮೇಲೆ ಅಂಗೈಯಲ್ಲಿ ಒಂದೆರಡು ಸ್ಕ್ರೂ ಉಳಿದೇ ಉಳಿಯುತ್ತಿದ್ದವು. "ಇವನ್ನ ಕಂಪನಿಯವರು ಸುಮ್ನೆ ಜಾಸ್ತಿ ಹಾಕಿದ್ರು" ಎಂದು ಜೇಬಿಗೆ ಇಳಿಸಿಬಿಡುತ್ತಿದ್ದ. ಬಟ್ಟೆ ಒಗೆಯುವಾಗ ಅತ್ತೆಗೆ ಅವು ಸಿಗುತ್ತಿದ್ದವು.

ಮಾವನದು ಕನ್ನಡಕದ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ, ಪಕ್ಕದಲ್ಲಿ ಒಂದು ಓಣಿ. ಅಂಗಡಿಯಲ್ಲಿ ಮಾವ ಬೇರೆಯೇ ಮನುಷ್ಯ. ಸಾಸಿವೆಯಷ್ಟು ಸಣ್ಣ ಸ್ಕ್ರೂವನ್ನು ಚಿಮಟದಲ್ಲಿ ಹಿಡಿದು ಉಸಿರು ಬಿಗಿಹಿಡಿದು ಕೂರಿಸುತ್ತಿದ್ದ. ಗಿರಾಕಿಯ ಮೂಗು, ಕಿವಿ ನೋಡಿ ಕಡ್ಡಿಯನ್ನು ಎಷ್ಟು ಬಗ್ಗಿಸಬೇಕೋ ಅಷ್ಟೇ ಬಗ್ಗಿಸುತ್ತಿದ್ದ. ಒಂದು ದಿನವೂ ಕನ್ನಡಕ ಕೆಡಿಸಿದವನಲ್ಲ. ಅಂಗಡಿಯ ಬಾಗಿಲು ಎಳೆದನೋ, ಮೈಮೇಲೆ ಬಿಚ್ಚಪ್ಪ ಬರುತ್ತಿದ್ದ.

ಅತ್ತೆ ಟೆಲಿಫೋನ್ ಆಪರೇಟರ್. ದೊಡ್ಡ ಆಸ್ಪತ್ರೆಯೊಂದರ ಫೋನ್ ಕೋಣೆಯಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂರುವ ಕೆಲಸ. ಯಾರಾದರೂ "ಹಲೋ" ಅನ್ನುವುದಕ್ಕೆ ಮುಂಚೆ ಎಳೆದುಕೊಳ್ಳುವ ಉಸಿರಿನಲ್ಲೇ ಇಂಥ ಡಾಕ್ಟರು ಎಂದು ಗುರುತು ಹಿಡಿಯುತ್ತಿದ್ದಳು. ನಾನು ಓದುವುದಕ್ಕೆಂದು ಅವರ ಮನೆಯಲ್ಲಿದ್ದ ಕಾಲದಲ್ಲಿ ಅವಳಿಗೆ ಸುಳ್ಳು ಹೇಳುವ ಧೈರ್ಯವನ್ನೇ ಮಾಡಿರಲಿಲ್ಲ. ಮೆಟ್ಟಿಲ ಮೇಲೆ ನನ್ನ ಹೆಜ್ಜೆ ಸದ್ದು ಕೇಳಿಯೇ "ಪರೀಕ್ಷೆ ಕೈಕೊಡ್ತು ಅಂತ ಕಾಣತ್ತೆ, ಮೊದಲು ಕೈಕಾಲು ತೊಳ್ಕೋ" ಎನ್ನುತ್ತಿದ್ದಳು.

ಈ ಇಬ್ಬರ ಮಧ್ಯೆ ಕಾರು ಬಂತು.

ಯಾರೋ ಊರು ಬಿಡುವವರು ಮಾರಿಹೋದ ಹಳೇ ಕಾರು. ಬಣ್ಣ ಬದನೆಕಾಯಿಯದು. ಬಾಗಿಲು ಹಾಕಬೇಕಾದರೆ ಸ್ವಲ್ಪ ಎತ್ತಿ ಹಾಕಬೇಕು. ಓಣಿಯಲ್ಲಿ, ಸರಿಯಾಗಿ ಅಡುಗೆಮನೆಯ ಕಿಟಕಿಯ ಕೆಳಗೆ ಅದರ ಜಾಗ. ಮೊದಲ ಸಲ ಅದು ಕೆಮ್ಮಿದಾಗ ಮಾವ ದೊಡ್ಡ ಗ್ಯಾರೇಜಿಗೇ ಬಿಟ್ಟಿದ್ದ. ವಾಪಸ್ ಬಂದಾಗ ಕೆಮ್ಮು ಹಾಗೇ ಇತ್ತು, ಜೊತೆಗೆ ಒಂದು ನರಳಾಟ ಹೊಸದಾಗಿ ಸೇರಿತ್ತು. ಮಾವ ಅಂದೇ ತೀರ್ಮಾನ ಮಾಡಿದ.

"ಇನ್ಮೇಲೆ ಇದಕ್ಕೆ ನಾನೇ ವೈದ್ಯ. ಕನ್ನಡಕದ ಸ್ಕ್ರೂ ತಿರುಗಿಸೋ ಕೈಗೆ ಇಷ್ಟು ದಪ್ಪ ಬೋಲ್ಟು ಯಾವ ಲೆಕ್ಕ?"

"ರೀ, ಇರುವೆ ಹಿಡಿಯೋಕೆ ಬರತ್ತೆ ಅಂತ ಆನೆ ಹಿಡಿಯೋಕೆ ಹೋಗ್ತಾರಾ?" ಎಂದಳು ಅತ್ತೆ.

ಮಾವ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ರಜೆಯ ದಿನ ಬೆಳಗಾದರೆ ಸಾಕು, ಹಳೇ ಪ್ಯಾಂಟು ಏರಿಸಿ ಓಣಿಗೆ ಇಳಿಯುತ್ತಿದ್ದ. ಅತ್ತೆ ಕಾರಿಗೆ 'ಸವತಿ' ಎಂದು ಹೆಸರಿಟ್ಟಳು. "ನಿಮ್ಮ ಯಜಮಾನರು ಎಲ್ಲಿ?" ಎಂದು ಯಾರಾದರೂ ಕೇಳಿದರೆ ಒಗ್ಗರಣೆ ಸೌಟು ಕಿಟಕಿಯ ಕಡೆಗೆ ತೋರಿಸಿ, "ಅಲ್ಲಿ, ಸವತಿಯ ಕೆಳಗೆ ಮಲಗಿದಾರೆ" ಎನ್ನುತ್ತಿದ್ದಳು. ಹೊಸಬರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಮೊದಮೊದಲು ಮಾವನ ವೈದ್ಯಕ್ಕೆ ರೋಗಿಯೇ ಹೆದರುವಂತಿತ್ತು. ಬ್ಯಾಟರಿಯ ತಲೆಯ ಮೇಲೆ ಹಸಿರು ಬಿಳಿ ಬೂಷ್ಟು ಕಟ್ಟಿದೆ, ಒರೆಸಿಬಿಡೋಣ ಎಂದು ಒಂದು ಸಲ ಹೊರಟ. ಕಪ್ಪು ತಂತಿಯನ್ನು ಮೊದಲು ತೆಗೆಯಬೇಕು, ಆಮೇಲೆ ಕೆಂಪು. ಇವನು ಕೆಂಪಿಗೇ ಮೊದಲು ಸ್ಪ್ಯಾನರ್ ಹಾಕಿದ. ಸ್ಪ್ಯಾನರಿನ ಬಾಲ ಕಾರಿನ ಮೈಗೆ ತಗುಲಿತು. ಫಟಾರ್ ಎಂದು ಕಿಡಿ ಹಾರಿತು. ಮಾವ ಹಾರಿದ್ದು ಕಿಡಿಗಿಂತ ಎತ್ತರ. ಓಣಿಯ ಗೋಡೆಯ ಮೇಲೆ ಬಿಸಿಲು ಕಾಯಿಸುತ್ತಿದ್ದ ಬೆಕ್ಕು ಆ ದಿನ ಹೋದದ್ದು ವಾರವಾದರೂ ಪತ್ತೆಯಿಲ್ಲ.

"ಏನಾಯ್ತು?" ಎಂದು ಅತ್ತೆ ಕಿಟಕಿಯಿಂದ ಕೂಗಿದಳು.

"ಏನಿಲ್ಲ, ಬ್ಯಾಟರಿ ಚೆನ್ನಾಗಿದೆಯಾ ಅಂತ ನೋಡ್ದೆ. ಬಹಳ ಚೆನ್ನಾಗಿದೆ."

ಇನ್ನೊಂದು ಸಲ ಸ್ಟೀರಿಂಗ್ ಬಿಚ್ಚಿ ಜೋಡಿಸಿದ. ಆಮೇಲೆ ಎಡಕ್ಕೆ ತಿರುಗಿಸಿದಾಗೆಲ್ಲ ಕಾರು ತಾನಾಗಿ ಹಾರ್ನ್ ಹೊಡೆಯಲು ಶುರುಮಾಡಿತು. ಅದನ್ನು ಸರಿಪಡಿಸುವವರೆಗೂ ಮಾವ ಬಲಕ್ಕೆ ಮಾತ್ರ ತಿರುಗಿ ಓಡಾಡಿದ. ಪೇಟೆಗೆ ಹೋಗಿ ಬರಲು ಊರಿಗೆಲ್ಲ ಒಂದು ಸುತ್ತು ಹಾಕಬೇಕಾಗುತ್ತಿತ್ತು. "ಊರು ನೋಡಿದ ಹಾಗೂ ಆಯ್ತು" ಎಂದು ಸಮಾಧಾನ ಹೇಳಿಕೊಂಡ.

ಹೀಗಿರುವಾಗ ಅತ್ತೆ ಆ ಕಾರಿನಲ್ಲಿ ಕೂರುವುದಾದರೂ ಹೇಗೆ? ಅವಳು ಬಸ್ಸಿನಲ್ಲೇ ಓಡಾಡುತ್ತಿದ್ದಳು. ಬಸ್ ನಿಲ್ದಾಣದವರೆಗೆ ಬಿಡುತ್ತೇನೆ ಎಂದು ಮಾವ ಅಂಗಲಾಚಿದರೂ, "ನಿಲ್ದಾಣಕ್ಕೆ ತಡವಾಗತ್ತೆ, ನಡೆದೇ ಹೋಗ್ತೀನಿ" ಎನ್ನುತ್ತಿದ್ದಳು.

ಒಂದು ಚಳಿಗಾಲ ಕಾರು ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕಿರುಚಲು ಹಿಡಿಯಿತು. ಕೀ ಎಂದು ಶುರುವಾಗಿ, ಬೀದಿಯ ನಾಯಿಗಳೆಲ್ಲ ತಲೆಯೆತ್ತುವ ತನಕ ಏರಿ, ಆಮೇಲೆ ತಾನೇ ಅಡಗುತ್ತಿತ್ತು. ಮಾವ ಪ್ಲಗ್ಗುಗಳನ್ನೆಲ್ಲ ಬಿಚ್ಚಿ ಉಜ್ಜಿದ. ಏರ್ ಫಿಲ್ಟರ್ ತೆಗೆದು ಧೂಳು ಕೊಡವಿದ. ಚಕ್ರ ಬಿಚ್ಚಿ ಬ್ರೇಕು ನೋಡಿದ. ಕಿರುಚಾಟ ಒಂದಿಷ್ಟೂ ಕಡಿಮೆಯಾಗಲಿಲ್ಲ. ಮೇಲೆ ತಾರಸಿಯಲ್ಲಿ ಅತ್ತೆ ಬಟ್ಟೆ ಒಣಹಾಕುತ್ತಿದ್ದಳು, ನಾನು ಕ್ಲಿಪ್ಪು ಕೊಡುತ್ತಿದ್ದೆ. ಅವಳು ಒದ್ದೆ ದುಪ್ಪಟಿಯನ್ನು ಕೈಯಲ್ಲೇ ಹಿಡಿದು ತಲೆ ವಾರೆ ಮಾಡಿ ನಿಂತಳು.

"ಏನತ್ತೆ?"

"ಶ್, ಇರು." ಆಮೇಲೆ ಗೋಡೆಯಿಂದ ಬಗ್ಗಿ, "ರೀ, ನೀವು ಕೆಮ್ಮಿನ ಔಷಧಿ ಕೊಡ್ತಾ ಇದ್ದೀರಿ. ಅದು ಕೆಮ್ತಾ ಇಲ್ಲ, ಶಿಳ್ಳೆ ಹೊಡೀತಾ ಇದೆ. ಏನೋ ಒಂದು ಜಾರ್ತಾ ಇದೆ. ಒದ್ದೆ ನೆಲದಲ್ಲಿ ರಬ್ಬರ್ ಚಪ್ಪಲಿ ಎಳೆದ ಹಾಗೆ."

"ಅಲ್ಲಿಂದ ನಿನಗೇನು ಗೊತ್ತಾಗತ್ತೆ?"

"ಅಲ್ಲೇ ಇದ್ದು ನಿಮಗೇನು ಗೊತ್ತಾಯ್ತು?"

ಮಾವ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟ. ಆಮೇಲೆ ಎಂಜಿನ್ ಆರಿಸಿ, ಪಕ್ಕದಲ್ಲಿ ಸುತ್ತುವ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಬಿಗಿಯಾಗಿರಬೇಕಾದ ಬೆಲ್ಟು ಹಳೇ ಮಂಚದ ನವಾರಿನಂತೆ ಒಳಗೆ ಹೋಯಿತು. ಬೋಲ್ಟು ಸಡಿಲಿಸಿ, ಬೆಲ್ಟು ಎಳೆದು ಬಿಗಿಮಾಡಿ, ಮತ್ತೆ ಕಾರು ಸ್ಟಾರ್ಟ್ ಮಾಡಿದ. ಕಿರುಚಾಟ ಮಂಗಮಾಯ. ಮೇಲೆ ನೋಡಿ ನಕ್ಕ. ಅತ್ತೆ ನಗಲಿಲ್ಲ, ದುಪ್ಪಟಿ ಝಾಡಿಸಿದಳು. ಅದರೊಳಗೆ ಮುಖ ಮರೆಮಾಡಿ ನಕ್ಕದ್ದು ನನಗೆ ಮಾತ್ರ ಕಂಡಿತು.

ಅಷ್ಟಾದರೂ ಕಾರಿನಲ್ಲಿ ಕೂರಲು ಅವಳು ಒಪ್ಪಲಿಲ್ಲ. ಸವತಿಗೆ ಔಷಧ ಹೇಳಬಹುದು, ಸವತಿಯ ತೊಡೆಯ ಮೇಲೆ ಕೂರೋಕಾಗತ್ತಾ ಎಂದಳು.

ಅವಳನ್ನು ಕೂರಿಸಿದ್ದು ಬಸ್ ಮುಷ್ಕರ. ಅತ್ತೆಯ ಅಕ್ಕನ ಮಗಳಿಗೆ ಹೆರಿಗೆಯಾಗಿತ್ತು. ಮನೆ ಘಾಟಿಯ ಆಚೆಯ ಊರಿನಲ್ಲಿ. ಅತ್ತೆ ಒಂದು ತಿಂಗಳಿನಿಂದ ಹೆಣೆದ ಸಣ್ಣ ಸ್ವೆಟರು, ಟೋಪಿ, ಕಾಲುಚೀಲ ಎಲ್ಲ ಕಟ್ಟಿಟ್ಟುಕೊಂಡು, ರಜೆ ಹಾಕಿ, ಹೊರಡುವ ದಿನ ನೋಡಿದರೆ ಬಸ್ಸೇ ಇಲ್ಲ. ಮಾವ ಏನೂ ಕೇಳಲಿಲ್ಲ. ಕಾರಿನ ಗಾಜು ಒರೆಸುತ್ತಾ ಓಣಿಯಲ್ಲಿ ಓಡಾಡುತ್ತಿದ್ದ, ಅಷ್ಟೆ. ಅತ್ತೆ ಗಂಟು ಹಿಡಿದು ಇಳಿದು ಬಂದಳು.

"ನೋಡಿ, ಮಗು ನಡೆಯೋಕೆ ಕಲಿಯೋದ್ರೊಳಗೆ ಅಲ್ಲಿ ತಲುಪಬೇಕು. ಆಗತ್ತಾ?"

"ಹತ್ತು ಕಣೇ" ಎಂದ ಮಾವ. ಅವನ ಮುಖದಲ್ಲಿ ಆ ದಿನ ಇದ್ದ ಬೆಳಕು ಅವರ ಮದುವೆಯ ಫೋಟೋದಲ್ಲೂ ಇಲ್ಲ.

ನಾನು ಹಿಂದಿನ ಸೀಟಿನಲ್ಲಿ ಕೂತೆ. ಅತ್ತೆ ಮುಂದೆ ಕೂತು ಕೈಚೀಲವನ್ನು ಎದೆಗವಚಿಕೊಂಡಳು. ಅವಳ ಎದುರು, ಡ್ಯಾಶ್‌ಬೋರ್ಡಿನ ಮೇಲೆ ಒಂದು ಪುಟಾಣಿ ಫ್ಯಾನು ಅಂಟಿಸಿತ್ತು. ಹಿಂದೆ ಎಂದೂ ಇರಲಿಲ್ಲ.

"ಇದೇನು?"

"ನಿನಗೆ ಸೆಖೆ ಆಗಬಾರದು ಅಂತ. ನಾನೇ ಜೋಡಿಸಿದ್ದು."

ಅತ್ತೆ ಅದನ್ನು ಅನುಮಾನದಿಂದಲೇ ನೋಡಿದಳು. ಫ್ಯಾನು ಚೆನ್ನಾಗಿಯೇ ತಿರುಗಿತು. ಅವಳ ಮುಂಗುರುಳು ಹಾರಿತು. ಊರು ದಾಟುವ ಹೊತ್ತಿಗೆ ಕೈಚೀಲ ಎದೆಯಿಂದ ತೊಡೆಗೆ ಇಳಿಯಿತು. ಬಯಲು ಮುಗಿಯುವ ಹೊತ್ತಿಗೆ ತೊಡೆಯಿಂದ ಕಾಲ ಬುಡಕ್ಕೆ. "ಪರವಾಗಿಲ್ಲ" ಎಂದಳು. ಅವಳ ಬಾಯಲ್ಲಿ ಅದು ಪದಕ ಕೊಟ್ಟ ಹಾಗೆ.

ಘಾಟಿಯ ಏರು ಶುರುವಾಯಿತು. ನಮ್ಮ ಮುಂದೆ ಮರದ ದಿಮ್ಮಿ ಹೇರಿಕೊಂಡ ಲಾರಿ, ಇರುವೆ ಸಕ್ಕರೆ ಎಳೆದ ಹಾಗೆ ಹತ್ತುತ್ತಿತ್ತು. ದಾಟಿಹೋಗುವಷ್ಟು ದಾರಿ ಅಗಲವಿಲ್ಲ. ಮೊದಲ ಗೇರಿನಲ್ಲೇ ನಾವೂ ತೆವಳಿದೆವು. ಸ್ವಲ್ಪ ಹೊತ್ತಿಗೆ ಅತ್ತೆಯ ಪುಟಾಣಿ ಫ್ಯಾನು ನಿಂತುಹೋಯಿತು. ಮಾವ ಅದಕ್ಕೆ ಬೆರಳಿನಿಂದ ಒಂದು ಏಟು ಕೊಟ್ಟ. ತಿರುಗಲಿಲ್ಲ.

"ಬಿಡಿ, ಇಲ್ಲಿ ಹೇಗೂ ತಂಪಿದೆ" ಎಂದಳು ಅತ್ತೆ. ಎರಡು ತಿರುವು ದಾಟಿದ ಮೇಲೆ, "ರೀ, ಇದರ ಉಸಿರು ಸರಿಯಿಲ್ಲ" ಎಂದಳು.

"ಏರು ಹತ್ತುವಾಗ ಎಲ್ಲರಿಗೂ ಏದುಸಿರು ಬರತ್ತೆ."

"ಅಲ್ಲ, ಒಳಗೆ ಎಲ್ಲೋ ನೀರು ಕುದಿಯೋ ಸದ್ದು."

ಮಾವ ಕಣ್ಣು ಇಳಿಸಿ ನೋಡಿದ. ಶಾಖ ತೋರಿಸುವ ಮುಳ್ಳು ಕೆಂಪು ಗೆರೆಗೆ ಮುತ್ತಿಡುತ್ತಿತ್ತು. ತಿರುವಿನಲ್ಲಿ ಅಗಲವಾಗಿದ್ದ ಜಾಗ ನೋಡಿ ಕಾರು ನಿಲ್ಲಿಸಿ ಎಂಜಿನ್ ಆರಿಸಿದ. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಮಾವ ಇಳಿದು ಓಡಿದವನೇ ಬಾನೆಟ್ ಎತ್ತಿ, ಅಂಗಿಯ ತೋಳನ್ನೇ ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕುವುದರಲ್ಲಿದ್ದ. ಹಿಂದೆಯೇ ಓಡಿಬಂದ ಅತ್ತೆ ಅವನ ರಟ್ಟೆ ಹಿಡಿದು ಎಳೆದಳು.

"ಕುಕ್ಕರ್ ಕೂಗ್ತಾ ಇರುವಾಗ ಮುಚ್ಚಳ ತೆಗೀತೀರಾ? ಮುಖ ಬೇಯತ್ತೆ!"

ಮಾವ ಕೈ ಹಿಂದೆ ಎಳೆದುಕೊಂಡ. ಅವನಿಗೂ ಗೊತ್ತಿದ್ದ ವಿಷಯವೇ, ಗಾಬರಿಯಲ್ಲಿ ಮರೆತಿತ್ತು. ಮೂವರೂ ರಸ್ತೆಬದಿಯ ಮೋಟು ಗೋಡೆಯ ಮೇಲೆ ಕೂತೆವು. ಕೆಳಗೆ ಕಣಿವೆಯಿಂದ ಮಂಜು ಮೇಲೇರುತ್ತಿತ್ತು. ಮಾವನ ಮುಖ ನೋಡಲಾಗುತ್ತಿರಲಿಲ್ಲ. ಇಷ್ಟು ವರ್ಷಕ್ಕೆ ಒಮ್ಮೆ ಹತ್ತಿದಳು, ಇವತ್ತೇ ಹೀಗಾಗಬೇಕಿತ್ತಾ ಎನ್ನುವುದು ಹಣೆಯ ಮೇಲೆ ಬರೆದ ಹಾಗಿತ್ತು. ಅತ್ತೆ ಬೈಯುತ್ತಾಳೆ ಎಂದು ನಾನೂ ಕಾದೆ. ಅವಳು ಬೈಯಲಿಲ್ಲ. ಕೈಚೀಲದಿಂದ ಬ್ರೆಡ್ಡು ತೆಗೆದು ಇಬ್ಬರಿಗೂ ಕೊಟ್ಟಳು, ತಾನೂ ತಿನ್ನುತ್ತಾ ಏನೋ ಯೋಚಿಸಿದಳು.

"ಒಂದು ಮಾತು ಕೇಳ್ಲಾ? ದಿನಾ ನೀವು ಓಣಿಗೆ ಬಂದು ಕಾರು ನಿಲ್ಲಿಸಿದಾಗ, ಎಂಜಿನ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ಮುಂದುಗಡೆಯಿಂದ ಗೊರ್ ಅಂತ ಒಂದು ಸದ್ದು ಬರತ್ತೆ. ಅಡುಗೆಮನೆಗೆ ಕೇಳತ್ತೆ. ಅದು ನಿಂತ ಮೇಲೇ ನಾನು ತಟ್ಟೆ ಇಡೋದು. ಇವತ್ತು ಆ ಸದ್ದು ಬರಲೇ ಇಲ್ಲ."

ಮಾವ ಬ್ರೆಡ್ಡು ಅಗಿಯುವುದನ್ನು ನಿಲ್ಲಿಸಿದ. "ಫ್ಯಾನು!" ಎಂದ. "ರೇಡಿಯೇಟರಿನ ಫ್ಯಾನು! ಅದು ತಿರುಗ್ತಾ ಇಲ್ಲ!"

ಎದ್ದವನೇ ಸ್ಟೀರಿಂಗಿನ ಕೆಳಗೆ ತಲೆ ತೂರಿಸಿ ಫ್ಯೂಸಿನ ಡಬ್ಬಿ ತೆಗೆದ. ಬಣ್ಣ ಬಣ್ಣದ ಪುಟ್ಟ ಫ್ಯೂಸುಗಳು ಸಾಲಾಗಿ ಕೂತಿದ್ದವು. ಹಳದಿಯದೊಂದನ್ನು ಕಿತ್ತು ಬೆಳಕಿಗೆ ಹಿಡಿದ. ಒಳಗಿನ ತಂತಿ ಕರಗಿ ತುಂಡಾಗಿತ್ತು. ಕಾರಿನಲ್ಲಿ ಮಾವನ ಹತ್ತಿರ ಏನಿಲ್ಲ ಹೇಳಿ? ಮೂರು ಸುತ್ತಿಗೆ ಇದ್ದವು, ಒಂದು ಗರಗಸ ಇತ್ತು. ಫ್ಯೂಸು ಮಾತ್ರ ಇರಲಿಲ್ಲ.

"ಅದೇ ಹಳದಿಯದು ಇನ್ನೂ ಮೂರು ಇವೆಯಲ್ಲ ಮಾವ" ಎಂದೆ ನಾನು.

"ಒಂದು ರೇಡಿಯೋದು, ಒಂದು ವೈಪರಿಂದು, ಒಂದು ಹಾರ್ನಿಂದು. ರೇಡಿಯೋ ಇಲ್ದೆ ಯಾರೂ ಸಾಯಲ್ಲ."

ರೇಡಿಯೋದನ್ನು ಕಿತ್ತು ಫ್ಯಾನಿನ ಜಾಗಕ್ಕೆ ಒತ್ತಿದ. ಕೀ ತಿರುಗಿಸಿದ. ಮುಂದೆ ಫ್ಯಾನು ಗೊರ್ ಎನ್ನಲು ಬಾಯಿ ತೆರೆಯಿತು, ಅಷ್ಟರಲ್ಲಿ ಚಟ್! ಅದೂ ಸುಟ್ಟಿತು. ಮಾವ ವೈಪರಿನದಕ್ಕೆ ಕೈ ಹಾಕಿದ.

"ನಿಲ್ಲಿ ನಿಲ್ಲಿ" ಎಂದಳು ಅತ್ತೆ. "ಸಾಲಾಗಿ ಎಲ್ಲರನ್ನೂ ಬಾವಿಗೆ ತಳ್ಳಬೇಡಿ. ಎರಡನೇದೂ ಹೋಯ್ತು ಅಂದ್ರೆ ತಪ್ಪು ಫ್ಯೂಸಿಂದಲ್ಲ. ಕಾರು ನಿನ್ನೆವರೆಗೂ ಚೆನ್ನಾಗಿತ್ತು. ನಿನ್ನೆಯಿಂದ ಇವತ್ತಿಗೆ ಏನು ಹೊಸದು?"

ಮಾವ ವೈಪರಿನ ಫ್ಯೂಸಿನಿಂದ ಕೈ ತೆಗೆದ. ಅವನ ಕಣ್ಣು ನಿಧಾನವಾಗಿ ಡ್ಯಾಶ್‌ಬೋರ್ಡಿನ ಮೇಲಿದ್ದ ಪುಟಾಣಿ ಫ್ಯಾನಿನ ಕಡೆಗೆ ಹೋಯಿತು. ನಮ್ಮ ಕಣ್ಣೂ ಅಲ್ಲಿಗೇ ಹೋಯಿತು.

"ಅದರ ತಂತಿ ಎಲ್ಲಿಂದ ಎಳೆದಿದ್ದೀರಿ?"

"ಅದು... ಹತ್ತಿರ ಇತ್ತು ಅಂತ... ದೊಡ್ಡ ಫ್ಯಾನಿನ ತಂತಿಗೇ ಒಂದು ಗಂಟು ಹಾಕಿ..." ಮಾವನ ದನಿ ಸಣ್ಣದಾಯಿತು. "ಅದೂ ಫ್ಯಾನು, ಇದೂ ಫ್ಯಾನು ಅಂತ."

ಬಾನೆಟ್ಟಿನ ಕೆಳಗೆ ಹುಡುಕಿದೆವು. ತಂತಿ ಕಾರಿನ ಒಳಕ್ಕೆ ನುಗ್ಗುವ ಕಡೆ ತಗಡಿನ ತೂತಿಗೆ ಮಾವ ರಬ್ಬರ್ ಬಳೆ ಹಾಕಿರಲಿಲ್ಲ. ಏರು ದಾರಿಯ ಅದುರಾಟಕ್ಕೆ ತಗಡಿನ ಅಂಚು ತಂತಿಯ ಸಿಪ್ಪೆ ಸುಲಿದುಹಾಕಿತ್ತು. ಒಳಗಿನ ತಾಮ್ರ ಹಲ್ಲು ಕಿರಿಯುತ್ತಾ ಕಾರಿನ ಮೈಗೆ ಅಂಟಿಕೊಂಡಿತ್ತು.

ಅತ್ತೆ ಆ ತಂತಿಯನ್ನು ನೋಡಿದಳು, ಗಂಡನ ಮುಖ ನೋಡಿದಳು.

"ನನಗೆ ಗಾಳಿ ಬರಲಿ ಅಂತ ಇಷ್ಟೆಲ್ಲ ಮಾಡಿದ್ರಾ?" ಎಂದಳು.

"ಹೂಂ."

"ಬಿಸಿಲಲ್ಲಿ ಬೀಸಣಿಗೆ ಸಾಕಾಗ್ತಿರಲಿಲ್ವೇನ್ರೀ?" ಎನ್ನುವಷ್ಟರಲ್ಲಿ ಅವಳಿಗೆ ನಗು ತಡೆಯಲಾಗಲಿಲ್ಲ. ಮೋಟು ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾವ ಮೊದಲು ಪೆಚ್ಚುಪೆಚ್ಚಾಗಿ, ಆಮೇಲೆ ನಿಜವಾಗಿಯೇ ನಕ್ಕ. ದಾರಿಯಲ್ಲಿ ಹೋಗುತ್ತಿದ್ದ ವ್ಯಾನಿನವನು, ಕಾರು ಕೆಟ್ಟು ನಿಂತು ನಗುವವರನ್ನು ನೋಡಿ, ಸಹಾಯ ಬೇಕೇ ಎಂದು ಕೇಳಲೂ ಹೆದರಿ ಹಾಗೇ ಹೋದ.

ಆಮೇಲೆ ಮಾವ ಅಂಗಡಿಯ ಮನುಷ್ಯನಾದ. ಅವಸರವೇ ಇಲ್ಲ. ಮೊದಲು ಬ್ಯಾಟರಿಯ ಕಪ್ಪು ತಂತಿ ಬಿಚ್ಚಿ ಪಕ್ಕಕ್ಕೆ ಸರಿಸಿದ. ತಾನು ಹಾಕಿದ ಗಂಟನ್ನು ಬಿಡಿಸಿ, ಪುಟಾಣಿ ಫ್ಯಾನಿನ ತಂತಿಯನ್ನು ಪೂರ್ತಿ ತೆಗೆದ. ದೊಡ್ಡ ಫ್ಯಾನಿನ ತಂತಿ ಬರಿದಾಗಿದ್ದ ಕಡೆ ಕಪ್ಪು ಟೇಪನ್ನು ಸುಕ್ಕಿಲ್ಲದ ಹಾಗೆ ಸುತ್ತಿದ. ಕನ್ನಡಕಕ್ಕೆ ಕಡ್ಡಿ ಕೂರಿಸುವ ಅದೇ ಕೈ. ಅಷ್ಟು ಹೊತ್ತಿಗೆ ಎಂಜಿನ್ ತಣ್ಣಗಾಗಿತ್ತು. ದಪ್ಪ ಬಟ್ಟೆ ಮಡಿಸಿಟ್ಟು ರೇಡಿಯೇಟರ್ ಮುಚ್ಚಳವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದ, ಉಳಿದ ಹಬೆ ಪುಸ್ ಎಂದು ಹೋಗಲು ಬಿಟ್ಟ. ನಾನು ಕುಡಿಯುವ ನೀರಿನ ಬಾಟಲಿಗಳನ್ನು ಅದಕ್ಕೆ ಬಗ್ಗಿಸಿದೆ. ಗಟಗಟ ಕುಡಿಯಿತು.

ಉಳಿದದ್ದು ಒಂದೇ ಪ್ರಶ್ನೆ. ಫ್ಯೂಸು ಯಾವುದನ್ನು ಕೀಳುವುದು? ಮಂಜು ರಸ್ತೆಗೇ ಇಳಿದುಬಿಟ್ಟಿತ್ತು. ಗಾಜಿನ ಮೇಲೆ ತುಂತುರು ಹನಿ. ವೈಪರ್ ಇಲ್ಲದೆ ಮುಂದೆ ಏನೂ ಕಾಣದು. ಹಾರ್ನ್ ಇಲ್ಲದೆ ಈ ತಿರುವುಗಳಲ್ಲಿ ಎದುರಿನವರಿಗೆ ನಾವಿದ್ದೇವೆಂದು ಗೊತ್ತಾಗದು.

"ಕಾಣೋದು ಮುಖ್ಯ. ಹಾರ್ನಿಂದು ಕೀಳಿ" ಎಂದಳು ಅತ್ತೆ.

"ತಿರುವಲ್ಲಿ?"

"ತಿರುವಲ್ಲಿ ನಾನಿದ್ದೀನಲ್ಲ."

ಹಾರ್ನಿನ ಫ್ಯೂಸು ಫ್ಯಾನಿಗೆ ಹೋಯಿತು, ಬ್ಯಾಟರಿಯ ಕಪ್ಪು ತಂತಿ ಮತ್ತೆ ತನ್ನ ಜಾಗಕ್ಕೆ ಬಂತು. ಎಂಜಿನ್ ಓಡಿ, ಮುಳ್ಳು ಮೇಲೇರಿ, ಗೊರ್ ಎಂದು ಫ್ಯಾನು ತಿರುಗಿದಾಗ ಮೂವರೂ ಚಪ್ಪಾಳೆ ತಟ್ಟಿದೆವು. ಅತ್ತೆ ಕಿಟಕಿಯ ಗಾಜು ಪೂರ್ತಿ ಇಳಿಸಿದಳು, ಕೈಚೀಲದಿಂದ ತನ್ನ ಸ್ವೆಟರು ತೆಗೆದು ತೊಟ್ಟು ತಲೆ ಹೊರಗೆ ಹಾಕಿದಳು. ಮಾವ ಬಸವನಹುಳುವಿನ ವೇಗದಲ್ಲಿ ಹೊರಟ.

ಮೊದಲ ತಿರುವು ಬಂತು. ಅತ್ತೆಯ ಗಂಟಲು ಎಂಥದೆಂದು ನನಗೆ ಆ ದಿನವೇ ತಿಳಿದದ್ದು. ಆಸ್ಪತ್ರೆಯ ಫೋನಿನಲ್ಲಿ ಎಷ್ಟೋ ವರ್ಷ ಪಳಗಿದ ದನಿ, ಚೀರಾಟವಲ್ಲ, ಒಂದೊಂದು ಅಕ್ಷರವೂ ಬಿಡಿಬಿಡಿ.

"ಬರ್ತಾ ಇದ್ದೀವಿ! ದಯವಿಟ್ಟು ನಿಮ್ಮ ಪಕ್ಕದಲ್ಲೇ ಇರಿ!"

ಗುಡ್ಡ ಅದನ್ನೇ ಮರಳಿ ಹೇಳಿತು. ಎದುರಿನಿಂದ ಬರುತ್ತಿದ್ದ ಲಾರಿಯೊಂದು ಮಂಜಿನಲ್ಲೇ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ, ಆಕಾಶದಿಂದ ಯಾರಾದರೂ ಮಾತಾಡಿದರೇ ಎನ್ನುವ ಹಾಗೆ ಮೇಲೆ ನೋಡಿದ. ನಮ್ಮ ಬದನೆಕಾಯಿ ಮಂಜಿನಿಂದ ಹೊರಬಂದಾಗ ಅವನಿಗೆ ಅರ್ಥವಾಯಿತು.

"ಬನ್ನಿ ಅಮ್ಮಾ, ಬನ್ನಿ! ನಾನು ನಿಂತಿದೀನಿ!"

"ಧನ್ಯವಾದ! ಹಿಂದೆ ಇನ್ನೂ ಯಾರಾದ್ರೂ ಇದಾರಾ?"

"ಇಬ್ಬರು ಬೈಕಿನವರು ಬರ್ತಾ ಇದಾರೆ! ಆಮೇಲೆ ದಾರಿ ಖಾಲಿ!"

ಮುಂದಿನ ತಿರುವಿಗೆ ಬೈಕಿನವರು ಆಗಲೇ ಅಂಚಿಗೆ ನಿಂತು ಕೈಬೀಸುತ್ತಿದ್ದರು. ಘಾಟಿ ಇಳಿಯುವ ತನಕ ಹೀಗೇ ನಡೆಯಿತು. ಮಾವ ಸ್ಟೀರಿಂಗ್ ಹಿಡಿದು ಮುಗುಳ್ನಗುತ್ತಿದ್ದ. "ಇಂಥ ಹಾರ್ನ್ ಯಾವ ಕಾರಿಗೂ ಇಲ್ಲ" ಎಂದು ನನಗೆ ಹಿಂದಕ್ಕೆ ಪಿಸುಗುಟ್ಟಿದ. "ಕೇಳಿಸ್ತು" ಎಂದಿತು ಹಾರ್ನು, ಕಿಟಕಿಯ ಆಚೆಯಿಂದ.

ಊರು ಮುಟ್ಟುವಾಗ ಅತ್ತೆಯ ದನಿ ಪೂರ್ತಿ ಕಟ್ಟಿಹೋಗಿತ್ತು. ಅಕ್ಕನ ಮನೆಯಲ್ಲಿ ಮಗುವನ್ನು ಎತ್ತಿಕೊಂಡು ಪಿಸುಮಾತಿನಲ್ಲೇ ಮುದ್ದಿಸಿದಳು. ಯಾರು ಎತ್ತಿದರೂ ಅಳುತ್ತಿದ್ದ ಕೂಸು ಆ ಪಿಸುಮಾತಿಗೆ ಕಣ್ಣರಳಿಸಿ ಸುಮ್ಮನಾಯಿತು. "ಚಿಕ್ಕಮ್ಮ ಎಷ್ಟು ಮೆತ್ತಗೆ ಮಾತಾಡ್ತಾರೆ ನೋಡಿ" ಎಂದಳು ಬಾಣಂತಿ. ಮಾವನಿಗೆ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು.

ಅದಾದ ಮೇಲೆ ಅತ್ತೆ ಬಸ್ಸು ಬಿಟ್ಟಳು. ರಜೆಯ ದಿನ ಓಣಿಗೆ ಒಂದು ಮೊಣಕಾಲುದ್ದದ ಸ್ಟೂಲು ಬಂತು. ಮಾವ ಕಾರಿನ ಕೆಳಗೆ, ಅತ್ತೆ ಸ್ಟೂಲಿನ ಮೇಲೆ. "ಸ್ಟಾರ್ಟ್ ಮಾಡಿ" ಎಂದು ಕಣ್ಣು ಮುಚ್ಚುತ್ತಿದ್ದಳು. ಬಿಚ್ಚಿದ ಬೋಲ್ಟುಗಳನ್ನೆಲ್ಲ ಒಂದು ತಟ್ಟೆಯಲ್ಲಿ ಬಿಚ್ಚಿದ ಕ್ರಮದಲ್ಲೇ ಇಡಬೇಕು ಎನ್ನುವುದು ಅವಳ ಕಟ್ಟಪ್ಪಣೆ. ತಟ್ಟೆ ಖಾಲಿಯಾಗದೆ ಬಾನೆಟ್ ಮುಚ್ಚುವ ಹಾಗಿಲ್ಲ. ಒಗೆಯುವ ಬಟ್ಟೆಯಲ್ಲಿ ಸ್ಕ್ರೂ ಸಿಗುವುದು ನಿಂತಿತು.

ಬೀದಿಯವರು ಸುಮ್ಮನಿರುತ್ತಾರೆಯೇ? ಮೊದಲು ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು ಸ್ಕೂಟರು ತಳ್ಳಿಕೊಂಡು ಬಂದರು. ಒದ್ದೂ ಒದ್ದೂ ಕಾಲು ನೋವು ಬಂದಿತ್ತು. ಮಾವ ಸ್ಪ್ಯಾನರು ಎತ್ತಿಕೊಳ್ಳುವಷ್ಟರಲ್ಲಿ ಅತ್ತೆ, "ಸಾರ್, ಇನ್ನೊಂದು ಸಲ ಒದೀರಿ" ಎಂದಳು. ಒದ್ದರು. "ಬಾಯಿ ಒಣಗಿದೆ ಇದಕ್ಕೆ. ಪೆಟ್ರೋಲ್ ಬರ್ತಾ ಇಲ್ಲ." ಮಾವ ಬಗ್ಗಿ ನೋಡಿದರೆ ಪೆಟ್ರೋಲಿನ ಸಣ್ಣ ನಲ್ಲಿ ಮುಚ್ಚಿಯೇ ಇತ್ತು. ಮೊಮ್ಮಗಳು ಆಟವಾಡುತ್ತಾ ತಿರುಗಿಸಿದ್ದಳಂತೆ. ಹೆಡ್‌ಮಾಸ್ಟರು ಎಲ್ಲರಿಗಿಂತ ಜೋರಾಗಿ ನಕ್ಕು, ಮಾರನೆಯ ವಾರದಿಂದ ತಾವೇ ಒಂದು ಸ್ಟೂಲು ತಂದುಕೊಂಡು ಕೂರತೊಡಗಿದರು.

ಆಮೇಲೆ ಹಾಲಿನ ವ್ಯಾನಿನವನು ಬಂದ, ಹೊಲಿಗೆ ಅಂಗಡಿಯಾಕೆ ಬಂದಳು. ಮಾವ ಯಾರದ್ದನ್ನೂ ತಾನೇ ರಿಪೇರಿ ಮಾಡಿ ಕಳಿಸುತ್ತಿರಲಿಲ್ಲ. ಸ್ಪ್ಯಾನರನ್ನು ಅವರ ಕೈಗೇ ಕೊಟ್ಟು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತಿದ್ದ. ತನ್ನ ಕಾರಿನ ಚಕ್ರ ಬದಲಿಸಲು ಹೊಲಿಗೆಯಾಕೆ ಮೊದಲು ಜಾಕಿ ಏರಿಸಲು ಹೋದಾಗ, "ತಾಯಿ, ಚಕ್ರ ನೆಲದ ಮೇಲಿರುವಾಗಲೇ ನಟ್ಟು ಒಂಚೂರು ಸಡಿಲ ಮಾಡ್ಕೊಳ್ಳಿ. ಎತ್ತಿದ ಮೇಲೆ ನಟ್ಟಿನ ಜೊತೆ ಚಕ್ರಾನೂ ತಿರುಗತ್ತೆ. ನಾನೂ ಒಂದು ಇಡೀ ಬೆಳಿಗ್ಗೆ ತಿರುಗಿದೀನಿ" ಎಂದ. ತನ್ನ ಪೆಚ್ಚುತನಗಳನ್ನೆಲ್ಲ ಹೀಗೆ ಪಾಠದ ಜೊತೆ ಸೇರಿಸಿ ಬಡಿಸುತ್ತಿದ್ದ. ಕಿಡಿ ಹಾರಿದ ಕಥೆ ಕೇಳಿದವರು ಯಾರೂ ಆಮೇಲೆ ಕೆಂಪು ತಂತಿಯನ್ನು ಮೊದಲು ಮುಟ್ಟಲಿಲ್ಲ.

ಓದು ಮುಗಿಸಿ ಬೇರೆ ಊರಿಗೆ ಹೋದ ಮೇಲೆ ನಾನೂ ಒಂದು ಹಳೇ ಕಾರು ಕೊಂಡೆ. ಒಂದು ದಿನ ಆಫೀಸಿನ ಮುಂದೆ ಅದು ಏನು ಮಾಡಿದರೂ ಏಳಲಿಲ್ಲ. ಅತ್ತೆಗೆ ಫೋನ್ ಮಾಡಿದೆ.

"ಫೋನನ್ನ ಬಾನೆಟ್ ಹತ್ತಿರ ಹಿಡಿ. ಯಾರಿಗಾದ್ರೂ ಕೀ ತಿರುಗಿಸೋಕೆ ಹೇಳು." ಟಕ ಟಕ ಟಕ ಎಂದು ಸದ್ದು ಬಂತು. "ಅಷ್ಟೇನಾ? ಅದು ಹಸಿವಿನ ಸದ್ದು. ಬ್ಯಾಟರಿ ಇಳಿದಿದೆ. ರಾತ್ರಿ ಯಾವ್ದೋ ದೀಪ ಆರಿಸೋದು ಮರೆತಿದೀಯ. ಇರು, ನಿಮ್ಮ ಮಾವ ಫೋನ್ ಕಿತ್ಕೊಳ್ತಾ ಇದಾರೆ."

"ಮೊದಲು ಬಿಚ್ಚಬೇಡ!" ಎಂದ ಮಾವ. "ಪಕ್ಕದ ಕಾರಿನವರನ್ನ ಕೇಳಿ ತಂತಿ ಹಾಕ್ಕೊಂಡು ಸ್ಟಾರ್ಟ್ ಮಾಡ್ಕೋ. ಕೆಂಪಿಗೆ ಕೆಂಪು. ಕಪ್ಪಿನ ಕೊನೆ ತುದಿಯನ್ನ ಬ್ಯಾಟರಿಗಲ್ಲ, ನಿನ್ನ ಎಂಜಿನ್ನಿನ ಬರಿ ಕಬ್ಬಿಣಕ್ಕೆ ಸಿಕ್ಕಿಸು, ಗೊತ್ತಾಯ್ತಾ?" ಬಿಚ್ಚಪ್ಪನ ಬಾಯಲ್ಲಿ 'ಬಿಚ್ಚಬೇಡ' ಎನ್ನುವ ಮಾತು ಬಂತಲ್ಲ ಎಂದು ನಾನು ಆ ಬಿಸಿಲಲ್ಲೂ ನಕ್ಕೆ.

ಹೋದ ವರ್ಷ ಬದನೆಕಾಯಿ ಕಾರಿನ ತಳ ತುಕ್ಕು ಹಿಡಿದು, ಇನ್ನು ರಸ್ತೆಗೆ ಇಳಿಸುವ ಹಾಗಿಲ್ಲ ಎಂದಾಯಿತು. ಇಬ್ಬರೂ ಒಂದು ವಾರ ಮಂಕಾಗಿದ್ದು, ಆಮೇಲೆ ಬ್ಯಾಟರಿಯಲ್ಲೇ ಓಡುವ ಹೊಸ ಕಾರು ತಂದರು. ನೋಡಲು ಹೋದೆ. ಮಾವ ಬಾನೆಟ್ ಎತ್ತಿ ತೋರಿಸಿದ. ಒಳಗೆ ಪೂರ್ತಿ ಮುಚ್ಚಿದ ಒಂದು ಪ್ಲಾಸ್ಟಿಕ್ ಹೊದಿಕೆ.

"ಬಿಚ್ಚೋಕೆ ಏನೂ ಇಟ್ಟಿಲ್ಲ ಕಣೇ" ಎಂದ, ಮಿಠಾಯಿ ಕಳೆದುಕೊಂಡವನ ದನಿಯಲ್ಲಿ. "ಗಾಜು ಒರೆಸೋ ನೀರು ಹಾಕೋದೊಂದೇ ನನಗೆ ಬಿಟ್ಟಿರೋದು."

"ಮಾತೇ ಆಡಲ್ಲ ಇದು" ಎಂದಳು ಅತ್ತೆ. "ಮೂಗಿ ಸೊಸೆ ತಂದ್ಕೊಂಡ ಹಾಗಾಗಿದೆ."

ಸಂಜೆ ಮೂವರೂ ಅದರಲ್ಲೇ ನದಿಯ ದಂಡೆಯವರೆಗೆ ಹೋದೆವು. ಎಂಜಿನ್ ಸದ್ದಿಲ್ಲ, ಬರೀ ಗಾಳಿ. ಸೇತುವೆ ದಾಟುವಾಗ ಅತ್ತೆ ಮಾತು ನಿಲ್ಲಿಸಿ ಕೈ ಎತ್ತಿದಳು.

"ಟಿಕ್ ಟಿಕ್ ಅಂತ ಇದೆ. ಹಿಂದಿನ ಚಕ್ರ. ವೇಗ ಜಾಸ್ತಿ ಆದ್ರೆ ಟಿಕ್ಕೂ ಜಾಸ್ತಿ."

ನನಗೆ ಏನೂ ಕೇಳಿಸಲಿಲ್ಲ. ಮಾವ ತಕ್ಷಣ ಕಾರು ಪಕ್ಕಕ್ಕೆ ಹಾಕಿ ಇಳಿದ, ಟೈರಿನ ಮೇಲೆ ಬೆರಳಾಡಿಸಿದ. ಗೆರೆಗಳ ನಡುವೆ ಒಂದು ಮೊಳೆ ತಲೆಯವರೆಗೂ ಹೊಕ್ಕು ಕೂತಿತ್ತು. ಅವನ ಮುಖ ಊದಿಕೊಂಡ ಬಲೂನಿನಂತೆ ಅರಳಿತು. ಡಿಕ್ಕಿ ತೆಗೆದು ಜಾಕಿ, ಸ್ಪ್ಯಾನರು, ಬದಲಿ ಚಕ್ರ ಎಲ್ಲ ಎಳೆದು ಹೊರಗೆ ಹಾಕಿದ. ಅತ್ತೆ ಕೈಚೀಲದಿಂದ ಸ್ಟೀಲಿನ ತಟ್ಟೆಯೊಂದನ್ನು ತೆಗೆದು, ನಟ್ಟುಗಳಿಗೆಂದು ಅವನ ಪಕ್ಕ ನೆಲದ ಮೇಲಿಟ್ಟಳು.

"ಇಬ್ಬರೂ ಅಲ್ಲಿ ಕಟ್ಟೆ ಮೇಲೆ ಕೂತ್ಕೊಳ್ಳಿ" ಎಂದ ಮಾವ, ತೋಳು ಮಡಿಸುತ್ತಾ. "ಯಾರೂ ಅವಸರ ಮಾಡಬಾರದು."